ಸೋಲಿನ ಹೊಣೆ ಯಾರದು?

ನಾಯಕನಿಗೆ ಬೇಕಾದ ಗುಣಗಳೆಂದರೆ ಮಾತುಗಾರಿಕೆ, ಧೈರ್ಯ, ದೂರದೃಷ್ಟಿ ಎಂದು ಹೇಳುವುದು ರೂಢಿ. ಆದರೆ ಕೆಲಸ ಕೆಟ್ಟ ದಿನ ಹೊಣೆ ಹೊರುವವರು ಯಾರು ಎಂಬುದರ ಮೇಲೆ ತಂಡದ ಹಣೆಬರಹ ನಿಂತಿರುತ್ತದೆ. ಇದಕ್ಕೆ ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅವರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಎತ್ತರ 22 ಮೀಟರ್, ತೂಕ 17 ಟನ್. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಕೈಕೊಟ್ಟು ನೈಟ್ರಿಕ್ ಆಮ್ಲ ಸೋರಿಹೋಗಿದ್ದರಿಂದ ರಾಕೆಟ್ ಹಿಡಿತ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತವರು ಮಾತ್ರ ಧವನ್. ಸೋಲು ನಮ್ಮದು, ತಂಡದ ಮೇಲೆ ನನಗೆ ನಂಬಿಕೆಯಿದೆ ಎಂಬರ್ಥದ ಮಾತಾಡಿ ಟೀಕೆಯನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನದ ಪತ್ರಿಕಾಗೋಷ್ಠಿ ನಡೆಸಲು ಧವನ್ ಕಲಾಂ ಅವರನ್ನೇ ಕಳಿಸಿದರು.

ಕಲಾಂ ಈ ಪ್ರಸಂಗವನ್ನು ಮುಂದೆ ಹೋದಲ್ಲೆಲ್ಲ ಹೇಳುತ್ತಿದ್ದರು. ಕೇಳಿದವರು ಧವನರ ದೊಡ್ಡತನವನ್ನು ಮೆಚ್ಚಿ ಸುಮ್ಮನಾಗುತ್ತಾರೆ. ಅದರಲ್ಲಿ ಕೆಲಸದ ಜಾಣತನವೂ ಅಷ್ಟೇ ಇತ್ತು. ತಪ್ಪು ಹೇಳಿದರೆ ತಲೆದಂಡ ಎಂಬ ಭಯವಿರುವ ಕಡೆ ಕವಾಟ ಸೋರುತ್ತಿರುವ ಸುದ್ದಿ ಮೇಲಿನವರಿಗೆ ಮುಟ್ಟುವುದೇ ಇಲ್ಲ. ಕೆಳಗಿನವರು ಅದನ್ನು ಮುಚ್ಚಿಡುತ್ತಾರೆ. ಬೈಗುಳಕ್ಕೆ ಹೆದರದೆ ಬಾಯಿಬಿಡುವ ವಾತಾವರಣವಿದ್ದರೆ ದೋಷದ ಬೇರು ಬೇಗ ಸಿಗುತ್ತದೆ.

ಕಸುಬು ಗೊತ್ತಿಲ್ಲದವರು ಹೀಗೆ ಹೊಣೆ ಹೊತ್ತರೆ ಅದು ಬಾಯುಪಚಾರವಾದೀತು. ಧವನ್ ವಾಯುಚಲನ ವಿಜ್ಞಾನದಲ್ಲಿ ಪಳಗಿದವರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1962ರಲ್ಲಿ ಅದರ ನಿರ್ದೇಶಕರಾದರು. ತಂಡದ ಮೇಲೆ ನಂಬಿಕೆಯಿದೆ ಎಂಬ ಅವರ ಮಾತಿಗೆ ಆ ತಿಳಿವಳಿಕೆಯ ತಳಪಾಯವಿತ್ತು.

ತನಗೇನು ಬೇಕು, ಏನನ್ನು ಬಿಡಲಾರೆ ಎಂಬ ಸ್ಪಷ್ಟತೆಯೂ ನಾಯಕತ್ವದ ಭಾಗ. 1971ರ ಕೊನೆಯಲ್ಲಿ ವಿಕ್ರಮ್ ಸಾರಾಭಾಯಿ ತೀರಿಕೊಂಡ ಮೇಲೆ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಧವನರನ್ನು ಹುಡುಕಿಕೊಂಡು ಬಂತು. ಅವರು ಎರಡು ಷರತ್ತು ಹಾಕಿದರು: ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ತಾವು ಮುಂದುವರಿಯಬೇಕು, ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಸರ್ಕಾರ ಎರಡಕ್ಕೂ ಒಪ್ಪಿತು. ಇಸ್ರೋ ಇಂದಿಗೂ ಬೆಂಗಳೂರಿನಿಂದಲೇ ನಡೆಯುತ್ತಿದೆ.

ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಜನರನ್ನು ಬೆಳೆಸುವ ಗುಣ ಹೊರಗೆ ಅಷ್ಟಾಗಿ ಕಾಣುವುದಿಲ್ಲ. 1984ರಲ್ಲಿ ಧವನ್ ನಿವೃತ್ತರಾದಾಗ, ಆರ್ಯಭಟ ಉಪಗ್ರಹ ರೂಪಿಸಿದ ತಂಡವನ್ನು ಮುನ್ನಡೆಸಿದ್ದ ಉಡುಪಿಯ ಯು.ಆರ್. ರಾವ್ ಆ ಜಾಗಕ್ಕೆ ಬಂದರು. ರಾವ್ ಅವರ ಕಾಲದಲ್ಲಿ ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಒಮ್ಮೆ, 1988ರಲ್ಲಿ ಮತ್ತೊಮ್ಮೆ ವಿಫಲವಾಯಿತು. ಕಾರ್ಯಕ್ರಮ ನಿಲ್ಲಲಿಲ್ಲ, ಕಾರಣ ಹುಡುಕಿ ತಿದ್ದಿದ ಮೇಲೆ 1992ರ ಮೇ ತಿಂಗಳಲ್ಲಿ ಮೂರನೆಯ ಹಾರಾಟ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು.