ಕಪ್ಪು ಪುಡಿಯಿಂದ ನೀಲಿ ಪಾತ್ರೆ: ಮೆರುಗು ಲೇಪದಲ್ಲಿ ಕೋಬಾಲ್ಟ್

ಜೈಪುರದ ನೀಲಿ ಪಾತ್ರೆಗಳ ಮೇಲೆ ಹೂಬಳ್ಳಿ ಬರೆಯುವ ಕುಶಲಕರ್ಮಿಯ ಬಟ್ಟಲಿನಲ್ಲಿ ಗಾಢ ನೀಲಿ ಬಣ್ಣವಿರುವುದಿಲ್ಲ. ಅಂಟುನೀರಿನಲ್ಲಿ ಕಲಸಿದ ಕಪ್ಪು ಪುಡಿಯೊಂದು ಇರುತ್ತದೆ. ಅದು ಕೋಬಾಲ್ಟ್ ಆಕ್ಸೈಡ್. ಕುಂಚ ಎಳೆದ ಗೆರೆಯೂ ಕಪ್ಪಾಗಿಯೇ ಕಾಣುತ್ತದೆ. ಆ ಗೆರೆ ನೀಲಿಯಾಗುವುದು ಆವಿಗೆಯೊಳಗೆ. ತಪ್ಪಿದ್ದರೆ ಅದು ತಿಳಿಯುವುದೂ ಆವಿಗೆ ತೆರೆದ ಮೇಲೆಯೇ. ಆಗ ತಿದ್ದುವ ಅವಕಾಶವಿರುವುದಿಲ್ಲ.

ಈ ಪಾತ್ರೆಗಳು ಕುಂಬಾರನ ಜೇಡಿಮಣ್ಣಿನವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬೆಣಚುಕಲ್ಲಿನ ಪುಡಿಯೇ ಇವುಗಳ ಮುಖ್ಯ ದ್ರವ್ಯ. ಅದಕ್ಕೆ ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಬಿಳಿಗಾರ ಮತ್ತು ಅಂಟು ಸೇರಿಸಿ ಹಿಟ್ಟಿನಂತೆ ನಾದುತ್ತಾರೆ. ಈ ಹಿಟ್ಟನ್ನು ರೊಟ್ಟಿಯಂತೆ ತಟ್ಟಿ ಅಚ್ಚಿನಲ್ಲಿ ಕೂರಿಸಿ, ಆಕಾರ ಕುಸಿಯದಂತೆ ಒಳಗೆ ಬೂದಿ ತುಂಬುತ್ತಾರೆ. ಒಣಗಿದ ಪಾತ್ರೆಗೆ ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಚಿತ್ರ ಬರೆದು, ಕೊನೆಗೆ ಪಾರದರ್ಶಕ ಮೆರುಗಿನ ದ್ರವದಲ್ಲಿ ಅದ್ದುತ್ತಾರೆ. ಸುಡುವುದು ಒಂದೇ ಸಲ, ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ.

ಬಟ್ಟೆಗೆ ಹಾಕುವ ನೀಲಿಯನ್ನೇ ಪಾತ್ರೆಗೂ ಏಕೆ ಬಳಿಯಬಾರದು ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ನೀಲಿ ಗಿಡದಿಂದ ಬರುವ ಬಣ್ಣ ಸಾವಯವ ವಸ್ತು. ಆವಿಗೆಯ ಶಾಖದಲ್ಲಿ ಅದು ಉರಿದುಹೋಗುತ್ತದೆ. ಕೋಬಾಲ್ಟ್ ಲೋಹವಾದ್ದರಿಂದ ಉಳಿಯುತ್ತದೆ. ಮೆರುಗು ಲೇಪವೆಂಬುದು ಪಾತ್ರೆಯ ಮೈಗೆ ಅಂಟಿಕೊಂಡ ತೆಳುವಾದ ಗಾಜು. ಶಾಖಕ್ಕೆ ಆ ಗಾಜು ಕರಗಿದಾಗ ಕೆಳಗಿನ ಕಪ್ಪು ಆಕ್ಸೈಡ್ ಅದರಲ್ಲಿ ಲೀನವಾಗುತ್ತದೆ. ಕೋಬಾಲ್ಟಿನ ಪ್ರತಿ ಅಯಾನಿನ ಸುತ್ತ ನಾಲ್ಕು ಆಕ್ಸಿಜನ್ ಪರಮಾಣುಗಳು ನೆಲೆಗೊಳ್ಳುತ್ತವೆ. ಈ ಜೋಡಣೆ ಬೆಳಕಿನ ಹಳದಿ, ಕಿತ್ತಳೆ ಭಾಗಗಳನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಪ್ರೌಢಶಾಲೆಯ ಜ್ವಾಲಾ ಪರೀಕ್ಷೆಯಲ್ಲಿ ಸೋಡಿಯಮ್ಮಿನ ಹಳದಿ ಜ್ವಾಲೆಯನ್ನು ಮರೆಮಾಡಿ ಪೊಟ್ಯಾಸಿಯಮ್ಮಿನ ನಸುನೇರಳೆಯನ್ನು ಕಾಣಲು ಬಳಸುವ ನೀಲಿ ಗಾಜು ಇದೇ ತತ್ತ್ವದ್ದು. ಪ್ರಯೋಗಾಲಯದಲ್ಲಿ ಆ ಗಾಜಿದ್ದರೆ ಪಾಠಕ್ಕೆ ಬೇರೆ ಉಪಕರಣ ಬೇಕಿಲ್ಲ.

ಕೋಬಾಲ್ಟಿನ ಬಲ ಬೆರಗು ಹುಟ್ಟಿಸುವಂಥದು. ಮೆರುಗಿನಲ್ಲಿಯೇ ಬೆರೆಸುವುದಾದರೆ 100 ಗ್ರಾಂ ಒಣ ಮಿಶ್ರಣಕ್ಕೆ ಕಾಲು ಗ್ರಾಂ ಆಕ್ಸೈಡ್ ಸಾಕು, ಸ್ಪಷ್ಟವಾದ ನೀಲಿ ಬರುತ್ತದೆ; ಒಂದು ಗ್ರಾಂ ಹಾಕಿದರೆ ಬಣ್ಣ ಬಹಳ ಗಾಢವಾಗುತ್ತದೆ. ಆದ್ದರಿಂದಲೇ ಇದನ್ನು ಅಂದಾಜಿನಿಂದ ಹಾಕಲಾಗದು, ತೂಗಬೇಕು. ಸರಿಯಾಗಿ ಅರೆಯದಿದ್ದರೆ ಪ್ರತಿ ಕಣವೂ ಒಂದೊಂದು ನೀಲಿ ಚುಕ್ಕೆಯಾಗಿ ಉಳಿಯುತ್ತದೆ. ಕುಂಚದಲ್ಲಿ ದಪ್ಪವಾಗಿ ನಿಂತ ಕಡೆ ನೀಲಿಯ ಬದಲು ಕಪ್ಪು ಕಾಣುತ್ತದೆ. ಇನ್ನೂ ನುಣುಪಾಗಿ ಹರಡಬೇಕೆನ್ನುವವರು ನಸುನೇರಳೆ ಬಣ್ಣದ ಕೋಬಾಲ್ಟ್ ಕಾರ್ಬೊನೇಟ್ ಬಳಸುತ್ತಾರೆ. ಅದರಲ್ಲಿ ಲೋಹದ ಅಂಶ ಕಡಿಮೆ; ಅದೇ ಬಣ್ಣಕ್ಕೆ ಸುಮಾರು ಒಂದೂವರೆ ಪಟ್ಟು ತೂಕ ಬೇಕಾಗುತ್ತದೆ.

ಜೈಪುರದ ಪಾತ್ರೆಗಳಲ್ಲಿ ಕಾಣುವ ಹಸಿರು ಮಿಶ್ರಿತ ತಿಳಿನೀಲಿ ತಾಮ್ರದ್ದು. ತಾಮ್ರ ಚಂಚಲ: ಕ್ಷಾರ ಹೆಚ್ಚಿರುವ ಮೆರುಗಿನಲ್ಲಿ ತಿಳಿನೀಲಿಯಾದರೆ ಸೀಸದ ಮೆರುಗಿನಲ್ಲಿ ಹಸಿರಾಗುತ್ತದೆ, ಗಾಳಿಯಾಡದ ಬೆಂಕಿಯಲ್ಲಿ ಕೆಂಪಿಗೂ ತಿರುಗಬಹುದು. ಕೋಬಾಲ್ಟ್ ಹಾಗಲ್ಲ. ಬೆಂಕಿ ಹೊಗೆಯಾಡಲಿ, ಶುಭ್ರವಾಗಿ ಉರಿಯಲಿ, ಅದರ ನೀಲಿ ನಿಲ್ಲುತ್ತದೆ. ದೇಶದೇಶಗಳ ಕುಂಬಾರರು ಅದನ್ನು ನೆಚ್ಚಿದ್ದು ಇದರಿಂದಲೇ.

ಇರಾನಿನ ಕಾಶಾನ್ ನಗರದ ಅಬುಲ್ ಕಾಸಿಮ್ 1301ರಲ್ಲಿ ಬರೆದ ಬರಹದಲ್ಲಿ ಸಮೀಪದ ಖಮ್ಸರ್‌ನಲ್ಲಿ ದೊರೆಯುವ ಕೋಬಾಲ್ಟಿನ ಪ್ರಸ್ತಾಪವಿದೆ. 14ನೆಯ ಶತಮಾನದಲ್ಲಿ ಚೀನಾದ ಜಿಂಗ್‌ದೆಜೆನ್ ಕುಂಬಾರರು ಹೊರನಾಡಿನಿಂದ ಬಂದ ಕೋಬಾಲ್ಟಿನಿಂದ ಬಿಳಿಯ ಪಿಂಗಾಣಿಯ ಮೇಲೆ ನೀಲಿ ಚಿತ್ರ ಬರೆದರು. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ಬಂದವನು. ಅದರ ಮುಂಗೋಡೆಯಲ್ಲಿ ಅಳಿದುಳಿದ ಮೆರುಗು ಹಂಚುಗಳು ಆ ಇರಾನೀ ಪರಂಪರೆಯವು. ಪಶ್ಚಿಮ ತೆಲಂಗಾಣದ ಹಾಗೂ ಅಕ್ಕಲಕೋಟೆಯ ಶಾಲೆಗಳಿಗೆ ಅದು ಪ್ರವಾಸದ ದೂರದಲ್ಲಿದೆ. ಜೈಪುರದ ಕಲೆಯಾದರೋ 20ನೆಯ ಶತಮಾನದಲ್ಲಿ ಅಳಿವಿನ ಅಂಚಿಗೆ ಬಂದಿತ್ತು. ಅದನ್ನು ಮತ್ತೆ ನಿಲ್ಲಿಸಿದವರಲ್ಲಿ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್ ಪ್ರಮುಖರು. ಅವರಿಗೆ 1974ರಲ್ಲಿ ಪದ್ಮಶ್ರೀ ದೊರೆಯಿತು.

ಬೋಧನೆಯಲ್ಲಿ ಪದಗಳ ಕಡೆಗೂ ಗಮನವಿರಲಿ. ಪಾತ್ರೆ ಸುಡುವ ಸ್ಥಳವನ್ನು ‘ಕುಲುಮೆ’ ಎಂದು ಬರೆಯುವುದು ಕಂಡುಬರುತ್ತದೆ. ಕುಲುಮೆ ಕಮ್ಮಾರನದು, ಕುಂಬಾರನದು ಆವಿಗೆ. ಹೊರಭಾಷೆಯ ವಾತಾವರಣದಲ್ಲಿ ಬೆಳೆಯುವ ಮಗುವಿಗೆ ‘ಬಿಳಿಗಾರ’, ‘ಬೆಣಚುಕಲ್ಲು’ ಎಂಬ ಮಾತುಗಳು ಮನೆಯ ಹಿರಿಯರ ಬಾಯಲ್ಲಿ ಮಾತ್ರ ಕೇಳಿಸಬಹುದು. ಅವನ್ನು ಕೇಳಿ ಬರೆದು ತರುವಂತೆ ಹೇಳಿದರೆ ರಸಾಯನಶಾಸ್ತ್ರದ ಪಾಠ ಭಾಷೆಯ ಪಾಠವೂ ಆಗುತ್ತದೆ. ‘ಆಕ್ಸೈಡ್’ ಹಾಗೆಯೇ ಇರಲಿ. ಅದಕ್ಕೆ ಹೊಸ ಪದ ಹುಡುಕುವ ಶ್ರಮ ವ್ಯರ್ಥ.

ಪುಡಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು. ಕೋಬಾಲ್ಟ್ ಸಂಯುಕ್ತಗಳ ಧೂಳು ಉಸಿರಿನೊಂದಿಗೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಹಾನಿ. ಬೆಣಚುಕಲ್ಲಿನ ಧೂಳೂ ಅಷ್ಟೇ ಅಪಾಯಕಾರಿ, ಕುಶಲಕರ್ಮಿಗಳ ಮಟ್ಟಿಗೆ ಇದು ದಿನನಿತ್ಯದ ಅಪಾಯ. ಮೆರುಗಿನಲ್ಲಿ ಸೀಸವಿದ್ದರೆ ಅಂಥ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡುವಂತಿಲ್ಲ, ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ. ತರಗತಿಗೆ ಸುಟ್ಟು ಸಿದ್ಧವಾದ ಒಂದು ಪಾತ್ರೆ ಅಥವಾ ಹಂಚು ತಂದರೆ ಸಾಕು.