ಅಧ್ಯಾಯ 6: ಕಾವಲಿಗೂ ವರದಿಗೂ ಒಂದೇ ಸರ್ವರ್

ಹಳೆಯ ಮಂಡಿಗಳಲ್ಲಿ ಲೆಕ್ಕಕ್ಕೆ ಎರಡು ಪುಸ್ತಕ ಇರುತ್ತಿದ್ದವು. ವ್ಯವಹಾರ ನಡೆದ ಹಾಗೆಲ್ಲ ಸಾಲಾಗಿ ಬರೆಯುವುದು ರೋಜುಕಿರ್ದಿಯಲ್ಲಿ. ಯಾರ ಬಾಕಿ ಎಷ್ಟೆಂದು ವಿಂಗಡಿಸಿ ಏರಿಸುವುದು ಖಾತೆ ಪುಸ್ತಕಕ್ಕೆ. ಹಳೆಯ ಖಾತೆಯ ಒಂದು ನಕಲೂ ಅಂದಿನಿಂದ ಇಂದಿನವರೆಗಿನ ಕಿರ್ದಿಯೂ ಕೈಯಲ್ಲಿದ್ದರೆ, ಖಾತೆ ಪುಸ್ತಕ ಸುಟ್ಟುಹೋದರೂ ಲೆಕ್ಕವನ್ನು ಮತ್ತೆ ಕಟ್ಟಬಹುದಿತ್ತು.

ಡೇಟಾಬೇಸ್ ನಡೆಯುವುದೂ ಹೀಗೆಯೇ. ಪ್ರತಿ ಬದಲಾವಣೆ ಮೊದಲು ಲಾಗ್‌ಗೆ ಹೋಗುತ್ತದೆ, ಆಮೇಲೆ ಡೇಟಾ ಫೈಲಿಗೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿರುವ ಲಾಗ್ ಶಿಪ್ಪಿಂಗ್ ಎಂದರೆ ಈ ಕಿರ್ದಿಯ ಹಾಳೆಗಳನ್ನು ಆಗಾಗ ಇನ್ನೊಂದು ಊರಿಗೆ ಕಳಿಸಿ, ಅಲ್ಲಿಯ ಖಾತೆಗೆ ಏರಿಸುತ್ತ ಹೋಗುವುದು.

ಮೂರು ಜಾಬ್‌ಗಳು

ಕೆಲಸ ಮೂರು ಭಾಗವಾಗಿ ನಡೆಯುತ್ತದೆ. ಮುಖ್ಯ ಸರ್ವರ್‌ನಲ್ಲಿ ಲಾಗ್ ಬ್ಯಾಕಪ್; ಆ ಫೈಲನ್ನು ಎರಡನೇ ಸರ್ವರ್‌ಗೆ ತರುವ ಕಾಪಿ; ಅದನ್ನು ಅಲ್ಲಿಯ ಡೇಟಾಬೇಸ್‌ಗೆ ಏರಿಸುವ ರೀಸ್ಟೋರ್. ನಾವೇನೂ ಬದಲಿಸದಿದ್ದರೆ ಮೂರೂ 15 ನಿಮಿಷಕ್ಕೊಮ್ಮೆ ಓಡುತ್ತವೆ.

ಎರಡನೇ ಡೇಟಾಬೇಸನ್ನು ಎರಡು ರೀತಿಯಲ್ಲಿ ಇಡಬಹುದು. ನೋರಿಕವರಿ ಸ್ಥಿತಿಯಲ್ಲಿ ಅದು ಮುಚ್ಚಿದ ಪೆಟ್ಟಿಗೆ, ಯಾರೂ ತೆರೆಯುವಂತಿಲ್ಲ. ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿ ಬರೆಯಲು ಬಾರದು, ಆದರೆ ಓದಬಹುದು. ಅರ್ಧಕ್ಕೆ ನಿಂತಿರುವ ವ್ಯವಹಾರಗಳನ್ನು ಸರ್ವರ್ ಹಿಂದಕ್ಕೆ ತೆಗೆದು ಒಂದು ಅನ್‌ಡೂ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ, ಮುಂದಿನ ರೀಸ್ಟೋರ್‌ಗೆ ಮೊದಲು ಅವನ್ನು ಸ್ವಸ್ಥಾನಕ್ಕೆ ಸೇರಿಸುತ್ತದೆ. ಹೀಗಾಗಿ ಒಂದೇ ಸರ್ವರ್ ಆಪತ್ತಿಗೂ ಒದಗುತ್ತದೆ, ದಿನನಿತ್ಯದ ರಿಪೋರ್ಟ್‌ಗಳ ಹೊರೆಯನ್ನೂ ಹೊರುತ್ತದೆ. ಒಂದು ಮಾತು ನೆನಪಿರಲಿ: ರಿಪೋರ್ಟ್‌ಗೆ ಬಳಸುವ ಎರಡನೇ ಸರ್ವರ್‌ಗೆ ಪ್ರತ್ಯೇಕ ಲೈಸೆನ್ಸ್ ಬೇಕು.

10 ಗಂಟೆ 15 ನಿಮಿಷಕ್ಕೆ ಏನಾಗುತ್ತದೆ?

ಒಂದು ಔಷಧಿ ಸಗಟು ಅಂಗಡಿ ಎಂದುಕೊಳ್ಳಿ. ಲೆಕ್ಕಪತ್ರ ವಿಭಾಗದವರು 10 ಗಂಟೆ 5 ನಿಮಿಷಕ್ಕೆ ತಿಂಗಳ ಬಾಕಿಪಟ್ಟಿ ತೆಗೆಯಲು ಕೂರುತ್ತಾರೆ. ಅದು ಮುಗಿಯಲು 20 ನಿಮಿಷ ಬೇಕು. 10 ಗಂಟೆ 15 ನಿಮಿಷಕ್ಕೆ ರೀಸ್ಟೋರ್ ಜಾಬ್ ಬಂದು ಬಾಗಿಲು ತಟ್ಟುತ್ತದೆ. ಖಾತೆಗೆ ಏರಿಸುವಾಗ ಪುಸ್ತಕ ಅದೊಂದರ ಕೈಯಲ್ಲೇ ಇರಬೇಕು, ಬೇರೆಯವರು ತೆರೆದಿರುವಂತಿಲ್ಲ.

ಬಳಕೆದಾರರ ಸಂಪರ್ಕ ಕಡಿಯಬೇಕೆಂದು ಸೆಟ್ಟಿಂಗ್‌ನಲ್ಲಿ ಹೇಳಿದ್ದರೆ, ಬಾಕಿಪಟ್ಟಿ ಅರ್ಧದಲ್ಲೇ ಸಾಯುತ್ತದೆ. ಮತ್ತೆ ಶುರುಮಾಡಿದರೆ 10 ಗಂಟೆ 30 ನಿಮಿಷಕ್ಕೆ ಮತ್ತೆ ಅದೇ ಗತಿ. ಆ ರಿಪೋರ್ಟ್ ಎಂದೂ ಮುಗಿಯದು. ಕಡಿಯಬಾರದೆಂದು ಹೇಳಿದ್ದರೆ ರೀಸ್ಟೋರ್ ಆಗುವುದೇ ಇಲ್ಲ. ಯಾರೋ ಒಬ್ಬರು ಸ್ಕ್ರೀನ್ ತೆರೆದಿಟ್ಟು ಮನೆಗೆ ಹೋದರೆ ರಾತ್ರಿಯಿಡೀ ಫೈಲುಗಳು ರಾಶಿ ಬೀಳುತ್ತವೆ.

ಗಂಟು ಬಿಡಿಸುವ ಬಗೆ

ಇಲ್ಲಿ ಹಲವರು ಎಡವುತ್ತಾರೆ. ರೀಸ್ಟೋರ್ ತಡವಾದರೆ ಡೇಟಾ ಕಳೆದುಹೋಗುತ್ತದೆ ಎಂದು ಹೆದರಿ, ಮೂರೂ ಜಾಬ್‌ಗಳನ್ನು ಒಂದೇ ತಾಳಕ್ಕೆ ಕಟ್ಟುತ್ತಾರೆ. ನಿಜ ಸಂಗತಿ ಬೇರೆ. ಹಾಳೆ ಇನ್ನೊಂದು ಊರಿಗೆ ತಲುಪಿತೆಂದರೆ ಅದು ಕ್ಷೇಮ; ಏರಿಸುವ ಕೆಲಸ ಆಮೇಲೂ ಆದೀತು. ಎಷ್ಟು ಡೇಟಾ ಕಳೆದೀತು ಎಂಬುದನ್ನು ಬ್ಯಾಕಪ್ ಮತ್ತು ಕಾಪಿ ನಿರ್ಧರಿಸುತ್ತವೆ. ರೀಸ್ಟೋರ್ ನಿರ್ಧರಿಸುವುದು ಮತ್ತೆ ಅಂಗಡಿ ತೆರೆಯಲು ಎಷ್ಟು ಹೊತ್ತು ಹಿಡಿದೀತು ಎಂಬುದನ್ನು.

ಆದ್ದರಿಂದ ಬ್ಯಾಕಪ್ 5 ನಿಮಿಷಕ್ಕೊಮ್ಮೆ ಇರಲಿ, ಕಾಪಿ ಅದರ 2 ನಿಮಿಷದ ನಂತರ ಹೊರಡಲಿ. ಎರಡೂ ಒಂದೇ ನಿಮಿಷಕ್ಕೆ ಶುರುವಾದರೆ, ಬ್ಯಾಕಪ್ ಇನ್ನೂ ಮುಗಿಯದಿರುವಾಗಲೇ ಕಾಪಿ ಬಂದುಹೋಗಿ, ಫೈಲು ಮುಂದಿನ ಸರದಿಗೆ ಕಾಯಬೇಕಾಗುತ್ತದೆ. ಎರಡೂ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದರೆ, ಮುಖ್ಯ ಸರ್ವರ್ ಪೂರ್ತಿ ನಾಶವಾದರೂ ಕಳೆಯುವುದು ಸುಮಾರು 7 ನಿಮಿಷದ ಕೆಲಸ.

ರೀಸ್ಟೋರ್ ಮಾತ್ರ ಓದುಗರ ದಿನಚರಿ ನೋಡಿ ನಡೆಯಲಿ: ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ 7ರ ನಂತರ ಗಂಟೆಗೊಮ್ಮೆ. ಒಂದೇ ಜಾಬ್‌ಗೆ ಹಲವು ವೇಳಾಪಟ್ಟಿ ಜೋಡಿಸಬಹುದು. ಈ ಹೊತ್ತುಗಳಲ್ಲಿ ಸಂಪರ್ಕ ಕಡಿಯಲು ಅನುಮತಿ ಕೊಡಿ, ಎಲ್ಲರಿಗೂ ಮೊದಲೇ ತಿಳಿಸಿ. ಪ್ರತಿ ರಿಪೋರ್ಟ್‌ನ ತಲೆಯ ಮೇಲೆ ಡೇಟಾ ಎಷ್ಟು ಗಂಟೆಯವರೆಗಿನದು ಎಂದು ಅಚ್ಚಾಗಲಿ.

ಬೆಲೆ ಇಲ್ಲದಿಲ್ಲ. ಮಧ್ಯಾಹ್ನದ ರೀಸ್ಟೋರ್‌ಗೆ ಮುನ್ನ, 1 ಗಂಟೆಗೆ ಮುಖ್ಯ ಸರ್ವರ್ ಬಿದ್ದರೆ, ಬೆಳಿಗ್ಗೆ 6ರಿಂದ ಕೂಡಿಟ್ಟ 84 ಫೈಲುಗಳನ್ನು ಏರಿಸಿದ ಮೇಲೆಯೇ ಎರಡನೆಯದು ಕೆಲಸಕ್ಕೆ ನಿಲ್ಲುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ಲಾಭವೂ ಇದೆ. 11 ಗಂಟೆಗೆ ಯಾರೋ ತಪ್ಪಿ ಗ್ರಾಹಕರ ಪಟ್ಟಿಯನ್ನೇ ಅಳಿಸಿದರೆ, ಬೆಳಗಿನ ಪಟ್ಟಿ ಎರಡನೇ ಸರ್ವರ್‌ನಲ್ಲಿ ಹಾಗೇ ಉಳಿದಿರುತ್ತದೆ.

ಮರೆಯಬಾರದ ಮೂರು

ಒಂದು, ರೀಸ್ಟೋರ್ ಆಗಿಲ್ಲವೆಂದು ಎಚ್ಚರಿಸುವ ಮಿತಿ ಮೊದಲಿಗೆ 45 ನಿಮಿಷ ಇರುತ್ತದೆ. ಅದನ್ನು ನಿಮ್ಮ ಅತಿ ಉದ್ದದ ಅಂತರಕ್ಕಿಂತ ತುಸು ಹೆಚ್ಚಿಗೆ ಏರಿಸಿ. ಸುಮ್ಮಸುಮ್ಮನೆ ಬಡಿಯುವ ಗಂಟೆಗೆ ಕೊನೆಗೆ ಯಾರೂ ಕಿವಿಗೊಡುವುದಿಲ್ಲ.

ಎರಡು, ಹಳೆಯ ಫೈಲುಗಳು 72 ಗಂಟೆಯ ನಂತರ ಅಳಿಸಿಹೋಗುವಂತೆ ಇರುತ್ತದೆ. ಸಾಲು ರಜೆಯಲ್ಲಿ ರೀಸ್ಟೋರ್ ನಿಂತುಹೋದರೆ, ಏರಿಸದ ಫೈಲೇ ಮಾಯವಾದೀತು. ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಈ ಅವಧಿಯನ್ನು ಹೆಚ್ಚಿಸಿ.

ಮೂರು, ಲಾಗ್ ಒಂದು ಸರಪಳಿ. ಬೇರೊಂದು ಉಪಕರಣ ನಡುವೆ ಲಾಗ್ ಬ್ಯಾಕಪ್ ತೆಗೆದು ತನ್ನಲ್ಲೇ ಇಟ್ಟುಕೊಂಡರೆ ಒಂದು ಕೊಂಡಿ ತಪ್ಪುತ್ತದೆ, ಮುಂದಿನ ಯಾವ ಫೈಲೂ ಏರುವುದಿಲ್ಲ. ಹೆಚ್ಚುವರಿ ಲಾಗ್ ಬ್ಯಾಕಪ್ ಬೇಕೇ ಬೇಕೆಂದರೆ ಕಾಪಿ-ಓನ್ಲಿ ಬಗೆಯಲ್ಲಿ ತೆಗೆಯಿರಿ.

ಕೊನೆಗೆ ಒಂದು ಮನವಿ. ವೇಳಾಪಟ್ಟಿ ಬರೆದು ಸುಮ್ಮನಾಗಬೇಡಿ. ಒಂದು ಭಾನುವಾರ, ಮುಖ್ಯ ಸರ್ವರ್ ಬಿದ್ದಿದೆ ಎಂದೇ ಭಾವಿಸಿ, ಆ 84 ಫೈಲುಗಳನ್ನು ನೀವೇ ಏರಿಸಿ, ಗಡಿಯಾರ ನೋಡಿ ಹೊತ್ತನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಸಂಸ್ಥೆ ಅಷ್ಟು ಹೊತ್ತು ಕಾಯಬಲ್ಲದಾದರೆ ನಿಮ್ಮ ವೇಳಾಪಟ್ಟಿ ಸರಿಯಿದೆ. ಕಾಯಲಾರದಾದರೆ ಮಧ್ಯಾಹ್ನಕ್ಕೆ ಮುಂಚೆ ಇನ್ನೊಂದು ರೀಸ್ಟೋರ್ ಸೇರಿಸಿ.