ಹೂವನ್ನು ಬೆಳೆಯುವ ಕೈಗಳು

ನಮ್ಮ ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಅರ್ಪಿಸುವ ಹೂಗಳು ಬಹುಕಾಲ ಮೆಣಸೆಯ ಹಿತ್ತಲುಗಳಿಂದಲೇ ಬರುತ್ತಿದ್ದುವು. ಡೇರೆ, ಸೇವಂತಿಗೆ, ಅಬ್ಬಲಿಗೆ, ಸಂಪಿಗೆ ಇವುಗಳಲ್ಲಿ ಯಾವುದು ಯಾರ ಮನೆಯದೆಂಬುದನ್ನು ಬಾಲಿಕೆಯರು ಕಂಡೊಡನೆಯೇ ಹೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಆ ಸ್ಥಾನಕ್ಕೆ ಉದ್ದನೆಯ ಕಡ್ಡಿಯ ಗುಲಾಬಿಯು ಬಂದಿದೆ. ಅದು ರಟ್ಟಿನ ಪೆಟ್ಟಿಗೆಯಲ್ಲಿ ಬೆಂಗಳೂರಿನಿಂದ ಬರುವುದು. ಅದನ್ನು ಬೆಳೆದವರು ಯಾರೆಂದು ಕೇಳಿದರೆ ನಮ್ಮಲ್ಲಿ ಯಾರಿಗೂ ತಿಳಿಯದು.

ಆ ಪ್ರಶ್ನೆಯ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳೇ ತಂದಳು. ಹತ್ತನೆಯ ತರಗತಿಯನ್ನು ಮುಗಿಸಿ, ಮನೆಯ ಬಡತನದ ದೆಸೆಯಿಂದ ಮುಂದೆ ಓದಲಾರದೆ, ಅವಳು ಬೆಂಗಳೂರಿನ ಹೊರವಲಯದ ಒಂದು ಗುಲಾಬಿ ತೋಟದಲ್ಲಿ ಕೆಲಸಕ್ಕೆ ಸೇರಿದ್ದಳು. ರಜೆಯಲ್ಲಿ ಊರಿಗೆ ಬಂದವಳು ನಮ್ಮನ್ನು ಕಾಣಲು ಬಂದಾಗ ಅವಳ ಕೈಗಳೆಲ್ಲ ಮುಳ್ಳು ಗೀರಿದ ಗುರುತುಗಳಿಂದ ತುಂಬಿದ್ದುವು. ಆದರೆ ಅವಳು ಕೇಳಿದ್ದು ಕೈಯ ವಿಚಾರವನ್ನಲ್ಲ. “ಅಮ್ಮಾ, ನಮ್ಮವ್ವ ಕೊಪ್ಪದ ಕಡೆಯ ಕಾಫಿ ತೋಟದಲ್ಲಿ ದುಡಿಯುತ್ತಿದ್ದಾಗ ನನ್ನನ್ನು ತೋಟದ ಶಿಶುವಿಹಾರದಲ್ಲಿ ಬಿಡುತ್ತಿದ್ದಳು. ಇರಲು ಲೈನುಮನೆಯಿತ್ತು. ಇಲ್ಲಿ ನನ್ನ ಜೊತೆಯ ಹೆಂಗಸರ ಕೂಸುಗಳಿಗೆ ಅಂಥ ನೆರಳೊಂದೂ ಇಲ್ಲ. ಅದೂ ತೋಟ, ಇದೂ ತೋಟವಲ್ಲವೇ?” ಎಂದಳು.

ಈ ಪ್ರಶ್ನೆಯು ಸಾಮಾನ್ಯವಾದುದಲ್ಲವೆಂದು ನಮಗೆ ತೋರಿತು. ನಾವು ಕಾಯಿದೆಗಳನ್ನು ತರಿಸಿ ಓದಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಆ ಕೆಲಸದ ರೀತಿಯನ್ನು ತಿಳಿಯಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪು ಹವೆಯು ಗುಲಾಬಿಗೆ ಹಿತವಾದುದು. ಆದುದರಿಂದ 1990ರ ದಶಕದಿಂದೀಚೆಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಗಡಿಯಾಚೆಯ ಹೊಸೂರು ಮುಂತಾದ ಕಡೆಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸುಗಳು ಎದ್ದುವು. ಮೊಗ್ಗು ಬಿರಿಯುವ ಮುನ್ನ ಅದನ್ನು ಕತ್ತರಿಸಿ, ನೀರಿನಲ್ಲಿಟ್ಟು, ಕಡ್ಡಿಯ ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟಿ, ಶೀತಗೃಹಕ್ಕೆ ಸೇರಿಸಬೇಕು. ಈ ಕೆಲಸದಲ್ಲಿ ಹೆಂಗಸರೇ ಬಹಳ.

ಈ ಉದ್ಯಮದ ಕಷ್ಟಗಳಿಗೆ ಮೂರು ಕಾರಣಗಳುಂಟು. ಒಂದನೆಯದು, ಹೂವು ಕಾಯುವ ಪದಾರ್ಥವಲ್ಲ. ಕಾಫಿಯ ಬೀಜವನ್ನು ಒಣಗಿಸಿ ತಿಂಗಳುಗಟ್ಟಲೆ ಇಡಬಹುದು. ಗುಲಾಬಿಯು ಕೆಲವೇ ದಿನಗಳಲ್ಲಿ ಬಾಡುವುದು. ಆದುದರಿಂದ ಕೆಲಸದ ಹೊತ್ತನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಹೂವೇ ನಿಶ್ಚಯಿಸುವುದು. ಎರಡನೆಯದು, ಬೇಡಿಕೆಯೆಲ್ಲ ಕೆಲವು ದಿನಗಳಿಗೇ ಕಟ್ಟುಬಿದ್ದಿದೆ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಮುಂಚಿನ ವಾರಗಳಲ್ಲಿ ಹೆಚ್ಚು ಕೈಗಳು ಬೇಕು, ಆಮೇಲೆ ಬೇಡ. ಮೂರನೆಯದು, ಹೂವನ್ನು ಯಾರೂ ತಿನ್ನುವುದಿಲ್ಲ. ತರಕಾರಿಯಲ್ಲಿ ವಿಷದ ಅಂಶ ಉಳಿದರೆ ಕೊಳ್ಳುವವನು ಭಯಪಡುವನು. ಗುಲಾಬಿಯಲ್ಲಿ ಒಂದು ಹುಳವೂ ಇರಬಾರದೆಂದು ಮಾತ್ರ ಕೇಳುವನು. ಸಿಂಪಡಿಸಿದ ಔಷಧದ ಭಾರವು ಕೆಲಸಗಾರಳ ಉಸಿರಿನ ಮೇಲೂ ಚರ್ಮದ ಮೇಲೂ ಬೀಳುವುದು. ಕೀಟನಾಶಕ ಬಳಸುವವರಿಗೆ ರಕ್ಷಣೆಯ ಉಡುಪು, ತರಬೇತಿ, ವೈದ್ಯಪರೀಕ್ಷೆ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ವಿಧಿಸಿದುವು. ಆದರೂ ಔಷಧ ಹೊಡೆದ ಮನೆಯೊಳಗೆ ವಾಸನೆಯು ಹೋಗುವ ಮುನ್ನವೇ ತಮ್ಮನ್ನು ಕಳುಹಿಸುತ್ತಿದ್ದರೆಂದು ಆ ಹುಡುಗಿ ನಮ್ಮೊಡನೆ ಹೇಳಿದಳು.

ಇನ್ನು ಅವಳ ಪ್ರಶ್ನೆಗೆ ಬರೋಣ. 1951ನೆಯ ಇಸವಿಯ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಚಹಾ, ಕಾಫಿ, ರಬ್ಬರು, ಸಿಂಕೋನ, ಏಲಕ್ಕಿ ಈ ಐದರ ತೋಟಗಳನ್ನು ಹೆಸರು ಹಿಡಿದು ಹೇಳಿತು. ವಸತಿ, ವೈದ್ಯ ಸಹಾಯ, ಕುಡಿಯುವ ನೀರು, 50 ಮಂದಿ ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇವೆಲ್ಲವೂ ಅದರಿಂದ ದೊರೆತ ಹಕ್ಕುಗಳು. ನಮ್ಮ ಹುಡುಗಿಯು ಮಲಗಿದ ತೊಟ್ಟಿಲು ದೊರೆಯ ದಾನವಾಗಿರಲಿಲ್ಲ, ಕಾಯಿದೆಯ ಮಾತಾಗಿತ್ತು. ಆ ಪಟ್ಟಿಯಲ್ಲಿ ಹೂವಿನ ಹೆಸರಿಲ್ಲ. ಕಾಯಿದೆ ಬರೆದ ಕಾಲದಲ್ಲಿ ಇಂಥ ಹೂವಿನ ಕಾರ್ಖಾನೆಗಳೇ ಇಲ್ಲಿ ಇರಲಿಲ್ಲವಷ್ಟೆ.

2025ರ ನವೆಂಬರ್ 21ರಂದು ಹಳೆಯ ಕಾಯಿದೆಗಳ ಸ್ಥಾನದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ಹೆಸರು ಹಿಡಿದ ಬೆಳೆಗಳು ಅವೇ ಐದು. ಬೇರೆ ಗಿಡಗಳನ್ನು ಬೆಳೆಯುವ 5 ಹೆಕ್ಟೇರು ಅಥವಾ ಹೆಚ್ಚಿನ ತೋಟಗಳನ್ನು ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಸರಕಾರವು ಪ್ರಕಟಣೆಯ ಮೂಲಕ ಸೇರಿಸಬಹುದು. ಬಾಗಿಲು ಇದೆ, ತೆರೆಯುವವರು ಬೇಕು. ಅದಕ್ಕಿಂತ ಚಿಕ್ಕ ಪಾಲಿಹೌಸುಗಳಿಗೆ ಆ ಬಾಗಿಲೂ ಇಲ್ಲ.

ಹೂವಿನ ವ್ಯಾಪಾರವು ಸಮುದ್ರ ದಾಟಿದುದು. 2007ರಲ್ಲಿ ಬೆಂಗಳೂರಿನ ಕರುತೂರಿ ಕಂಪೆನಿಯು ಆಫ್ರಿಕದ ಕೀನ್ಯ ದೇಶದ ನೈವಾಷ ಸರೋವರದ ಬಳಿಯ ಬಹು ದೊಡ್ಡ ಗುಲಾಬಿ ತೋಟವನ್ನು ಕೊಂಡಿತು. ಆ ತೋಟಕ್ಕೆ ಶಾಲೆ, ಆಸ್ಪತ್ರೆಗಳೂ ಇದ್ದುವು. ಮುಂದೆ ಸಾಲದ ತೊಂದರೆಯುಂಟಾಗಿ 2014ರಲ್ಲಿ ಅದು ಸಾಲಗಾರರ ಪರವಾಗಿ ನೇಮಿತರಾದವರ ಕೈಗೆ ಹೋಯಿತು. ಸಂಬಳದ ಬಾಕಿಗಾಗಿ ಅಲ್ಲಿಯ ಕೆಲಸಗಾರರು ಮುಷ್ಕರ ಹೂಡಬೇಕಾಯಿತು. ಒಡೆಯನ ಔದಾರ್ಯವೊಂದನ್ನೇ ನಂಬಿದ ಸೌಕರ್ಯವು ಒಡೆಯನು ಬಿದ್ದಾಗ ಬೀಳುವುದೆಂಬುದಕ್ಕೆ ಇದು ನಿದರ್ಶನ. ಯುರೋಪಿನ ಕಾರ್ಮಿಕ ಸಂಘಗಳೂ ಇತರ ಸಂಸ್ಥೆಗಳೂ ಕೂಡಿ 1998ರಲ್ಲಿ ಹೂವಿನ ಬೆಳೆಗೆ ಒಂದು ಅಂತರರಾಷ್ಟ್ರೀಯ ನಡತೆಯ ನಿಯಮಾವಳಿಯನ್ನು ರಚಿಸಿದುವು. ಆದರೆ ಅದು ಒಪ್ಪಿದವರಿಗೆ ಮಾತ್ರ ಅನ್ವಯಿಸುವಂಥದು.

ಹಾಗಾದರೆ ಗುಲಾಬಿಯನ್ನು ಕೊಳ್ಳಬಾರದೆ? ನಾವು ಹಾಗೆನ್ನುವುದಿಲ್ಲ. ಮಳೆಯನ್ನು ನೆಚ್ಚಿದ ಹಳ್ಳಿಗಳ ಎಷ್ಟೋ ಹೆಂಗಸರಿಗೆ ಆ ತೋಟಗಳು ವರ್ಷಪೂರ್ತಿ ಕೂಲಿಯನ್ನು ಕೊಡುತ್ತವೆ. ಅದು ನಿಲ್ಲಬಾರದು, ನ್ಯಾಯವಾಗಿ ನಡೆಯಬೇಕು.

ನಮ್ಮ ಬಾಲಿಕೆಯರಲ್ಲಿ ಕೆಲವರಾದರೂ ಇಂಥ ಕೆಲಸಕ್ಕೆ ಹೋಗುವರು. ಅವರು ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಲಿ. ಸೇರುವಾಗ ನೇಮಕಪತ್ರವನ್ನು ಕೇಳಿ ಪಡೆಯಬೇಕು. ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ದಿನ ಕಳೆಯುವುದರೊಳಗೆ, ಚೀಟಿಯ ಸಮೇತ ಬರಬೇಕು. ಹೆಚ್ಚುವರಿ ಹೊತ್ತಿನ ದುಡಿಮೆಗೆ ಎರಡರಷ್ಟು ದರವುಂಟು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂದು ಕಡಿಮೆ ಕೂಲಿ ಕೊಡಕೂಡದು. ಇವು ಈಗಿನ ಕಾಯಿದೆಯ ಮಾತುಗಳೇ.

ಆ ಹುಡುಗಿಗೆ ನಾವು ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಟ್ಟೆವು. ಅವಳು ಎರಡು ಬಾರಿ ಓದಿ, “ಇದನ್ನು ಶಾಲೆಯಲ್ಲೇ ಹೇಳಿಕೊಡಬಹುದಿತ್ತಲ್ಲ ಅಮ್ಮಾ?” ಎಂದಳು. ಅವಳ ಮಾತು ನಿಜ. ಈ ವರ್ಷದಿಂದ ಹತ್ತನೆಯ ತರಗತಿಯಲ್ಲಿ ಸಂಬಳದ ಚೀಟಿಯನ್ನು ಓದುವ ಪಾಠವನ್ನು ನಾವು ಆರಂಭಿಸಿದ್ದೇವೆ.